ನೇಟಾಲ್‌ನಲ್ಲಿ ಹುಟ್ಟಿದ ಮುತ್ತಾತನ ಹುಡುಕಾಟ: ಚಂದಾ ಕಟ್ಟಿದ ವೆಬ್‌ಸೈಟೋ, ಹಡಗಿನ ಪಟ್ಟಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಡಗಿನ ಪಟ್ಟಿಗೆ, ಅಂದರೆ ಕೂಲಿ ಕರಾರಿನ ಮೇಲೆ ಹಡಗು ಹತ್ತಿ ನೇಟಾಲ್‌ಗೆ ಹೋದವರ ಹಳೆಯ ಪಟ್ಟಿಗೆ. ಅದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಅದಕ್ಕೂ ಮುಂಚೆ ವಂಶಾವಳಿ ಹುಡುಕಿಕೊಡುವ ಒಂದು ವಿದೇಶಿ ವೆಬ್‌ಸೈಟಿಗೆ ಎಂಟು ಸಾವಿರ ರೂಪಾಯಿ ಚಂದಾ ಕಟ್ಟಿ ಕಳೆದುಕೊಂಡಿದ್ದೆ.

ನಮ್ಮ ಅಜ್ಜಿಯ ಅಪ್ಪ ಹುಟ್ಟಿದ್ದು ದಕ್ಷಿಣ ಆಫ್ರಿಕಾದ ನೇಟಾಲ್‌ನಲ್ಲಿ. ಆಗ ಅದು ಬ್ರಿಟಿಷರ ವಸಾಹತು. ಅವರ ಅಪ್ಪ ಅಮ್ಮ ಮಾಲೂರು ಕಡೆಯವರು. ಐದು ವರ್ಷದ ಕೂಲಿ ಕರಾರಿಗೆ ಹೆಬ್ಬೆಟ್ಟು ಒತ್ತಿ ಮದ್ರಾಸಿನಲ್ಲಿ ಹಡಗು ಹತ್ತಿದ್ದರು. ಹೀಗೆ ಮೊದಲು ಹೋದ 'ಟ್ರೂರೋ' ಹಡಗು ನೇಟಾಲ್‌ನ ಡರ್ಬನ್ ಬಂದರು ತಲುಪಿದ್ದು 1860ರ ನವೆಂಬರ್ 16ರಂದು. 1911ರ ಹೊತ್ತಿಗೆ ಹೋದವರು 1,52,184 ಜನ. ನಮ್ಮ ಮನೆಯಲ್ಲಿ ಉಳಿದಿದ್ದು 'ನೇಟಾಲ್ ತಾತ' ಅನ್ನುವ ಹೆಸರು ಮಾತ್ರ.

ಆ ವೆಬ್‌ಸೈಟ್ ಮೊದಲು ಕೇಳುವುದೇ ಸರ್‌ನೇಮ್. ನಮ್ಮವರಿಗೆ ಎಲ್ಲಿಯ ಸರ್‌ನೇಮ್? ಮುತ್ತಾತನ ನಿಜವಾದ ಹೆಸರು ಇಲ್ಲಿ ಬೇಡ, ಮುನಿಯಪ್ಪ ಅಂತ ಇಟ್ಟುಕೊಳ್ಳಿ. ಆ ಜಾಗ ಖಾಲಿ ಬಿಟ್ಟರೆ ಸಂಬಂಧವೇ ಇಲ್ಲದ ನೂರಾರು ಹೆಸರು ಬರುತ್ತಿದ್ದವು. ಮುನಿಯಪ್ಪ ಅಂತ ತುಂಬಿದರೆ ಏನೂ ಇಲ್ಲ. ಆ ಕಾಲದ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದವರು. ಮೂನಿಯಪ್ಪೆನ್, ಮುನಿಯಾಪ, ಮೂನಿಯನ್, ಯಾವುದೂ ಆಗಿರಬಹುದು. ಅದೂ ಸಾಲದು ಅಂತ, ನೇಟಾಲ್‌ನಲ್ಲಿ ಎಷ್ಟೋ ಮಕ್ಕಳಿಗೆ ಅಪ್ಪನ ಹೆಸರೇ ಸರ್‌ನೇಮ್ ಆಗಿ ನಿಂತುಬಿಟ್ಟಿತು. ಅಪ್ಪನಿಗೆ ಒಂದು ಸ್ಪೆಲ್ಲಿಂಗ್, ಮಗನಿಗೆ ಇನ್ನೊಂದು.

ಮೂರು ತಿಂಗಳು ನಾನು ಬರೀ ಸ್ಪೆಲ್ಲಿಂಗ್ ಬದಲಾಯಿಸುತ್ತಾ ಕೂತೆ. ಒಂದು ಹಾಳೆಯಲ್ಲಿ ನಲವತ್ತೊಂದು ಬಗೆ ಬರೆದುಕೊಂಡಿದ್ದೆ. ಅಷ್ಟರಲ್ಲಿ ಚಂದಾ ತಾನಾಗಿಯೇ ನವೀಕರಣ ಆಗಿ ಕಾರ್ಡಿನಿಂದ ಮತ್ತೆ ದುಡ್ಡು ಹೋಯಿತು. ವಾಪಸ್ ಕೇಳಿದರೆ ಆಗುವುದಿಲ್ಲ ಅಂದರು. ತುಂಬಾ ಬೇಜಾರಾಯಿತು.

ಹಡಗಿನ ಪಟ್ಟಿ ಕ್ವಾಜುಲು-ನೇಟಾಲ್ ವಿಶ್ವವಿದ್ಯಾಲಯದ ದಾಖಲೆ ಕೇಂದ್ರದವರು ಒದಗಿಸಿರುವುದು. ಇದರಲ್ಲಿ ಅಲ್ಲಿ ಹುಟ್ಟಿದ ಮಕ್ಕಳು ಸಿಗುವುದಿಲ್ಲ, ಹಡಗಿನಲ್ಲಿ ಹೋದವರು ಮಾತ್ರ. ಹಾಗಾಗಿ ಮುತ್ತಾತನನ್ನು ಬಿಟ್ಟು ಅವರ ಅಪ್ಪ ಅಮ್ಮನನ್ನು ಹುಡುಕಬೇಕು. ಇದು ಹೊಳೆಯಲು ನನಗೆ ಅಷ್ಟು ದಿನ ಬೇಕಾಯಿತು. ಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಊರು ಎಲ್ಲಾ ಇರುತ್ತದೆ. ಎಷ್ಟೋ ಕಡೆ ಮೈಮೇಲಿನ ಗುರುತು ಕೂಡ. ನಾನು ಹೆಸರಿನ ಗೊಡವೆ ಬಿಟ್ಟು ತಾಲ್ಲೂಕು, ಊರು ನೋಡುತ್ತಾ ಹೋದೆ. ಹದಿನೇಳನೇ ರಾತ್ರಿ ಸಿಕ್ಕರು. ಗಂಡನ ಸಾಲಿನ ಕೆಳಗೇ ಹೆಂಡತಿಯ ಸಾಲು. ಎಡ ಮೊಣಕಾಲಿನ ಮೇಲೆ ಗಾಯದ ಕಲೆ ಅಂತ ಬರೆದಿತ್ತು. ಒಂದು ಫೋಟೋ ಕೂಡ ಇಲ್ಲದ ಮನುಷ್ಯನ ಬಗ್ಗೆ ಅಷ್ಟಾದರೂ ಗೊತ್ತಾಯಿತಲ್ಲ ಅಂತ ಕಣ್ಣು ತುಂಬಿ ಬಂತು.

ಪ್ರತಿಯೊಬ್ಬರಿಗೂ ಒಂದು ನಂಬರ್ ಇರುತ್ತದೆ. ಅದನ್ನು ಮೊದಲು ಬರೆದಿಟ್ಟುಕೊಳ್ಳಿ. ಅಲ್ಲಿನ ಕಾಗದಪತ್ರಗಳಲ್ಲಿ ಹೆಸರಿಗಿಂತ ನಂಬರೇ ಗಟ್ಟಿ.

ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ವೆಬ್‌ಸೈಟ್ ಕೂಡ ಉಚಿತ. ನೇಟಾಲ್‌ನ ಜನನ, ಮದುವೆ, ಮರಣದ ದಾಖಲೆಗಳ ಸಂಗ್ರಹ ಅಲ್ಲಿದೆ. ಆದರೆ ಕೆಲವು ದಾಖಲೆಗಳ ಚಿತ್ರ ಮನೆಯಲ್ಲಿ ಕೂತರೆ ತೆರೆಯುವುದಿಲ್ಲ, ಅವರ ಕೇಂದ್ರಕ್ಕೇ ಹೋಗಬೇಕು. ಇದು ಎರಡನೇ ಹೆಜ್ಜೆಗೆ ಸರಿ.

ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ದಾಖಲೆಗಳ ಸೂಚಿಯನ್ನೂ ನೋಡಿದೆ. ಅಲ್ಲೇ ಉಳಿದು ಆಸ್ತಿ ಬಿಟ್ಟು ತೀರಿಕೊಂಡವರಿದ್ದರೆ ಉಪಯೋಗ. ನಮ್ಮವರು ವಾಪಸ್ ಬಂದವರು. ನೇಟಾಲ್‌ನ 1895ರ ಕಾನೂನಿನ ಪ್ರಕಾರ ಕರಾರು ಮುಗಿದ ಮೇಲೆ ಹೊಸ ಕರಾರು ಮಾಡಿಕೊಳ್ಳದೆ ಅಲ್ಲೇ ಉಳಿದರೆ ವರ್ಷಕ್ಕೆ ತಲಾ 3 ಪೌಂಡ್ ತೆರಿಗೆ. ಹೆಂಗಸರಿಗೂ ಬಿಟ್ಟಿರಲಿಲ್ಲ. ಅದಕ್ಕೇ ಬಂದಿರಬೇಕು ಅಂತ ನನ್ನ ಅನಿಸಿಕೆ.

ನನ್ನ ಹಾಗೆ ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಕೂತು ಸಾಲು ಸಾಲಾಗಿ ಓದುವ ತಾಳ್ಮೆ ಇದ್ದರೆ ಚಂದಾ ಬೇಡವೇ ಬೇಡ. ಊರಿನ ಹೆಸರೇ ಗೊತ್ತಿಲ್ಲ ಅಂದರೆ ಮಾತ್ರ ಪಟ್ಟಿಯೂ ಕಷ್ಟ. ಮನೆಯ ಹಿರಿಯರು ಇರುವಾಗಲೇ ಕೇಳಿಟ್ಟುಕೊಳ್ಳಿ. ಮುತ್ತಾತನ ಜನನದ ದಾಖಲೆ ನನಗಿನ್ನೂ ಸಿಕ್ಕಿಲ್ಲ. ಅವರ ಅಪ್ಪ ಅಮ್ಮನ ನಂಬರ್ ಕೊಟ್ಟು ಹೋದ ವಾರ ಡರ್ಬನ್‌ಗೆ ಪತ್ರ ಬರೆದಿದ್ದೇನೆ.