ಹುಣಸೆಯ ತೊಗಟೆಗೆ ಜಲವರ್ಣವೋ, ಅಕ್ರಿಲಿಕ್ಕೋ?

ರಾಯಚೂರಿನ ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವಾಗ ಬಣ್ಣ ಕುಂಚದಲ್ಲೇ ಒಣಗತೊಡಗುತ್ತದೆ. ಆ ಬಿಸಿಲಲ್ಲಿ ಒಂದೇ ಹುಣಸೆ ಮರವನ್ನು ಎರಡೂ ಬಣ್ಣಗಳಲ್ಲಿ ಬಿಡಿಸಿ ನೋಡಿದರೆ ಅಕ್ರಿಲಿಕ್ಕೇ ಮೇಲು. ಅರಳಿಮರಕ್ಕೆ ಮಾತ್ರ ಈ ಮಾತು ಹೊಂದದು.

ಜಲವರ್ಣಕ್ಕೆ 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಒರಟು ಹಾಳೆ ಬೇಕು. ಬರ್ಂಟ್ ಅಂಬರ್ ಎಂಬ ಗಾಢ ಕಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿ ತೆಳು ಬೂದು ಬಳಿದರೆ ನೀಲಿಯ ಕಣಗಳು ಹಾಳೆಯ ತಗ್ಗುಗಳಲ್ಲಿ ಕೂತು ಅರ್ಧ ತೊಗಟೆ ತಾನೇ ಮೂಡುತ್ತದೆ. ಒಣಗಿದ ಮೇಲೆ ಚಪ್ಪಟೆ ಕುಂಚದ ನೀರನ್ನು ಬಟ್ಟೆಗೆ ಒತ್ತಿ ತೆಗೆದು, ದಟ್ಟ ಬಣ್ಣ ಅದ್ದಿ, ಕುಂಚವನ್ನು ಮಲಗಿಸಿ ಎಳೆಯಬೇಕು. ಒರಟು ಚುಕ್ಕಿಗಳಿಗಾಗಿ ಹಸಿ ಬಣ್ಣದ ಮೇಲೆ ಉಪ್ಪು ಚೆಲ್ಲುವ ಉಪಾಯ ಇಲ್ಲಿ ಕೈಕೊಡುತ್ತದೆ: ಹಾಳೆಯ ಮೇಲೆ ನೀರಿನ ಹೊಳಪು ಇರುವಾಗಲೇ ಉಪ್ಪು ಬೀಳಬೇಕು, ಆ ಹೊಳಪು ನೋಡನೋಡುತ್ತಲೇ ಆರುತ್ತದೆ. ಹಾಳೆಯ ಹಿಂಬದಿಯನ್ನೂ ನೆನೆಸಿಕೊಂಡರೆ ಸ್ವಲ್ಪ ಹೊತ್ತು ಸಿಗುತ್ತದೆ. ಬಿರುಕಿನ ಅಂಚಿನ ಬೆಳಕಿಗೆ ಹಾಳೆಯ ಬಿಳಿಯನ್ನು ಮೊದಲೇ ಬಿಟ್ಟುಕೊಳ್ಳದಿದ್ದರೆ ಆಮೇಲೆ ತರುವುದು ಕಷ್ಟ.

ಅಕ್ರಿಲಿಕ್‌ನಲ್ಲಿ ಕ್ರಮ ತಿರುವುಮುರುವು, ಕಪ್ಪಿನಿಂದ ಬೆಳಕಿಗೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯ ಮೇಲೆ ಮಾಡೆಲಿಂಗ್ ಪೇಸ್ಟ್ ಎಂಬ, ಒಣಗಿ ಗಟ್ಟಿಯಾಗುವ ಲೇಪವನ್ನು ಸುಮಾರು 1 ಮಿ.ಮೀ. ದಪ್ಪಕ್ಕೆ ಹಚ್ಚಿ, ಅರೆಬರೆ ಬಿಗಿಯುವಾಗ ಹಳೆಯ ಬಾಚಣಿಗೆಯಿಂದ ಗೀರಬೇಕು. ಒಮ್ಮೆಗೇ ದಪ್ಪ ಹಚ್ಚಿದರೆ ಮೇಲ್ಪದರ ಒಣಗಿ ಒಳಗು ಹಸಿಯಾಗಿಯೇ ಉಳಿದು, ಬೇಡದ ಕಡೆ ಸೀಳುತ್ತದೆ. ಪೂರ್ತಿ ಒಣಗಿದ ಮೇಲೆ ಕಪ್ಪು ಬೆರೆಸಿದ ಅಂಬರನ್ನು ನೀರಾಗಿ ಬಳಿದು ತಕ್ಷಣ ಬಟ್ಟೆಯಿಂದ ಒರೆಸಿ. ಬಣ್ಣ ಗೀರುಗಳಲ್ಲಷ್ಟೇ ನಿಲ್ಲುತ್ತದೆ. ಕೊನೆಗೆ ಒಣ ಕುಂಚದಿಂದ ತಿಳಿ ಬೂದು, ಉಬ್ಬುಗಳಿಗೆ ಮಾತ್ರ. ಬಣ್ಣದ ತಟ್ಟೆಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬಟರ್ ಪೇಪರ್ ಹಾಸಿದರೆ ಬಣ್ಣ ಬೇಗ ಗಟ್ಟಿಯಾಗದು. ಬಣ್ಣ ಒಣಗುವುದನ್ನು ತಡಮಾಡಲು ಬೆರೆಸುವ ರಿಟಾರ್ಡರ್ ಅತಿಯಾದರೆ ಚಿತ್ರ ಅಂಟಂಟಾಗಿ ಉಳಿದು ಎರೆಹೊಲದ ಧೂಳೆಲ್ಲ ಅದಕ್ಕೇ ಮೆತ್ತುತ್ತದೆ.

ಹುಣಸೆಯ ಬಿರುಕು ಉದ್ದಕ್ಕೂ ಅಡ್ಡಕ್ಕೂ ಒಡೆದು ಹೆಂಟೆಹೆಂಟೆಯಾಗಿರುತ್ತದೆ, ಬೇವಿನದು ಹೆಚ್ಚಾಗಿ ಉದ್ದಕ್ಕೆ. ಎರಡಕ್ಕೂ ಪೇಸ್ಟ್ ಒಪ್ಪುತ್ತದೆ. ಅರಳಿಯ ನುಣುಪು ಕಾಂಡಕ್ಕೆ ಪೇಸ್ಟ್ ಹಚ್ಚಿದರೆ ಅದು ಅರಳಿಯೇ ಅನಿಸದು. ಅಲ್ಲಿ ಜಲವರ್ಣದ ಎರಡು ತೆಳು ಪದರ ಸಾಕು.

ಯಾವ ಬಣ್ಣವಾದರೂ ಗೀರುಗಳು ಒಂದೇ ಅಂತರದಲ್ಲಿ ಸಾಲುಗಟ್ಟಿದರೆ ಕಾಂಡ ತಗಡಿನಂತೆ ಕಾಣುತ್ತದೆ. ಅಂಚಿನತ್ತ ಗೀರು ಒತ್ತಾಗಲಿ, ನಡುವೆ ಅಗಲವಾಗಲಿ. ಆಗಲೇ ಕಾಂಡ ಗುಂಡಗಾಗುತ್ತದೆ. ಮರ ನೋಡುವುದಕ್ಕೆ ಬೆಳಿಗ್ಗೆ 8ರ ಓರೆಬಿಸಿಲೇ ಸರಿ. ನೆತ್ತಿಯ ಬಿಸಿಲಿಗೆ ಬಿರುಕಿನೊಳಗಿನ ನೆರಳೇ ಸಿಗುವುದಿಲ್ಲ.