ತುಮಕೂರಿನವರೇ, ‘ಜಪಾನ್ ಒರಿಜಿನಲ್’ ವಿಡಿಯೋ ಗೇಮ್ ಅಂತ ಯಾರಾದರೂ ಕರೆದರೆ ಹೋಗಬೇಡಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕಂದ್ರೆ ಆ ಮನುಷ್ಯ ಇನ್ನೂ ಮಾರುತ್ತಲೇ ಇದ್ದಾನೆ. ನನಗೆ ಬಿದ್ದ ಟೋಪಿ 6,500 ರೂಪಾಯಿಯದು.

ಹಳೇ ಸಾಮಾನು ಮಾರುವ ಆ್ಯಪ್‌ನಲ್ಲಿ ಜಾಹೀರಾತು ಕಂಡಿತು. ‘ಜಪಾನ್ ಒರಿಜಿನಲ್ ನಿಂಟೆಂಡೊ ಫ್ಯಾಮಿಕಾಮ್, 1983 ಮಾಡೆಲ್, ಗನ್ ಮತ್ತು ಮೂರು ಕ್ಯಾಸೆಟ್ ಸಮೇತ.’ ಫ್ಯಾಮಿಕಾಮ್ ಅಂದ್ರೆ ಟಿವಿಗೆ ಸಿಕ್ಕಿಸಿ ಆಡೋ ನಿಂಟೆಂಡೊ ಕಂಪನಿಯ ಹಳೇ ಗೇಮ್ ಸೆಟ್ಟು. ಜಾಗ ಬಟವಾಡಿ. ನಮ್ಮ ಮನೆಯಿಂದ ಗಾಡಿಯಲ್ಲಿ ಹತ್ತು ನಿಮಿಷ. ಗಣೇಶನ ಹಬ್ಬಕ್ಕೆ ಹೊಸೂರಿನಿಂದ ತಮ್ಮ ಬರುವವನಿದ್ದ. ಅವನ ಮುಂದೆ ಇದನ್ನು ಇಟ್ಟರೆ ಹೇಗಿರುತ್ತೆ ಅಂತ ಯೋಚನೆ ಬಂತು ನೋಡಿ, ಅಲ್ಲೇ ನಾನು ಕೆಟ್ಟೆ.

ನಮ್ಮ ಮನೆಗೆ ಟಿವಿ ಗೇಮ್ ಬಂದಿದ್ದು 1996ರಲ್ಲಿ. ಅಪ್ಪ ಬೆಂಗಳೂರಿಗೆ ಹೋದಾಗ ಮೆಜೆಸ್ಟಿಕ್ ಕಡೆಯಿಂದ ತಂದಿದ್ದರು. ಜೊತೆಗೆ ಒಂದು ಹಳದಿ ಕ್ಯಾಸೆಟ್. ಅದರ ಮೇಲೆ 9999999 ಇನ್ 1 ಅಂತ ಬರೆದಿತ್ತು. ಒಂದು ಕೋಟಿಗೆ ಒಂದು ಕಮ್ಮಿ ಗೇಮು! ಒಳಗಿದ್ದದ್ದು ಎಂಟೋ ಹತ್ತೋ. ಮಿಕ್ಕಿದ್ದೆಲ್ಲ ಅದೇ ಮಾರಿಯೋ, ಬೇರೆ ಬೇರೆ ಲೆವೆಲಿಂದ ಶುರುವಾಗೋದು ಅಷ್ಟೇ. ಗೊತ್ತಿದ್ದೂ ಒಂದು ಬೇಸಿಗೆ ರಜೆ ಪೂರ್ತಿ ಪಟ್ಟಿಯನ್ನು ಕೆಳಕ್ಕೆ ಇಳಿಸುತ್ತಾ ಕೂತಿದ್ದೆವು, ಎಲ್ಲೋ ಒಂದು ಹೊಸದು ಸಿಗಬಹುದು ಅಂತ. ಪರದೆ ಬೂದಿ ಬಣ್ಣ ಆದರೆ ಕ್ಯಾಸೆಟ್ ಕಿತ್ತು ಉಫ್ ಅಂತ ಊದೋದು. (ಊದಿದರೆ ಬಾಯಿಯ ತೇವಕ್ಕೆ ಪಿನ್ ಇನ್ನೂ ಹಾಳಾಗುತ್ತಂತೆ. ಕಿತ್ತು ಮತ್ತೆ ಹಾಕಿದ್ದಕ್ಕೇ ಸರಿಹೋಗುತ್ತಿತ್ತು, ಊದಿದ್ದಕ್ಕಲ್ಲ. ಯಾರು ನಂಬುತ್ತಾರೆ?) ಮಾರಿಯೋ ಕೊನೇ ಕೋಟೆ ಮುಟ್ಟುವ ಹೊತ್ತಿಗೆ ಸರಿಯಾಗಿ ಕೆಇಬಿಯವರು ಕರೆಂಟ್ ತೆಗೆಯೋರು. ಸೇವ್ ಗೀವ್ ಏನೂ ಇಲ್ಲ, ಮತ್ತೆ ಮೊದಲಿಂದ. ಇನ್ನೊಂದು ಕಾಂಟ್ರಾ, ಇಬ್ಬರು ಸೇರಿ ಗುಂಡು ಹಾರಿಸೋ ಗೇಮು. ಅದರ ಮೂರನೇ ಲೆವೆಲ್‌ನಲ್ಲಿ ಜಲಪಾತ ಹತ್ತಬೇಕು. ಒಬ್ಬ ಬೇಗ ಹತ್ತಿಬಿಟ್ಟರೆ ಕೆಳಗೆ ಉಳಿದವನು ಪರದೆಯಿಂದ ಆಚೆ ಹೋಗಿ ಸಾಯುತ್ತಾನೆ. ನಾನು ಬೇಕಂತಲೇ ಹತ್ತುತ್ತಿದ್ದೆ. ತಮ್ಮ ರಿಮೋಟ್ ಎಸೆದು ಅಮ್ಮನ ಹತ್ತಿರ ಓಡುತ್ತಿದ್ದ.

ಇದೆಲ್ಲ ತಲೆಯಲ್ಲಿ ತುಂಬಿಕೊಂಡು ವ್ಯಾಪಾರಕ್ಕೆ ಹೋಗಬಾರದು. ನಾನು ಹೋದೆ.

ಮಹಡಿ ಮೇಲೆ ಒಂದು ರೂಮು. ಹಳೇ ದಪ್ಪ ಟಿವಿ, ಕೆಳಗೆ ಹೂವಿನ ಚಿತ್ರದ ಕೆಂಪು ಬಟ್ಟೆ. ಸೆಟ್ಟು ಸ್ಟ್ಯಾಂಡಿನ ಕೆಳಗಿನ ಗೂಡಿನಲ್ಲಿ, ಕತ್ತಲಲ್ಲಿ. ‘ನೋಡಿ ಸಾರ್, ಚೆಕ್ ಮಾಡ್ಕೊಳ್ಳಿ’ ಅಂತ ಸ್ವಿಚ್ ಹಾಕಿದ. ಕಾಂಟ್ರಾ ಟ್ಯೂನ್ ಬಂತು. ಆ ಟ್ಯೂನ್ ಬಂತು ಅಂದ್ರೆ ಮುಗೀತು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ನಾನು ಒತ್ತಲಿಲ್ಲ, ಹೆಬ್ಬೆರಳೇ ಒತ್ತಿತು. ಕಾಂಟ್ರಾದ ಗುಟ್ಟಿನ ಕೋಡ್ ಅದು, ಒತ್ತಿದರೆ ಮೂವತ್ತು ಲೈಫು. ಅರ್ಧ ಗಂಟೆ ಆಡಿದೆ. ಅವನು ‘ಒಂದು ಫೋಟೋ ಸಾರ್, ನೆನಪಿಗೆ’ ಅಂದ, ಆಯ್ತು ಅಂದೆ. ಡಕ್ ಹಂಟ್ ಹಾಕಿ ಗನ್ ಕೊಟ್ಟ. ಬಾತುಕೋಳಿ ತಪ್ಪಿಸಿಕೊಂಡಿತು, ನಾಯಿ ಹುಲ್ಲಿನಿಂದ ಎದ್ದು ಕಿಸಕಿಸ ನಕ್ಕಿತು, ನಾನೂ ನಕ್ಕೆ. ಆ ಅರ್ಧ ಗಂಟೆಯಲ್ಲಿ ಸೆಟ್ಟಿನ ಕಡೆ ಒಂದು ಸಲವೂ ಸರಿಯಾಗಿ ನೋಡಲಿಲ್ಲ. ಕೊನೆಗೆ ಕೈಗೆತ್ತಿಕೊಂಡೆ. ಪ್ಲಾಸ್ಟಿಕ್ಕು ಹಳದಿ ತಿರುಗಿತ್ತು. ಭಾರ ಇತ್ತು. ‘ಹಳೇ ಸಾಮಾನಿನ ತೂಕವೇ ಬೇರೆ’ ಅಂತ ನಾನೇ ಹೇಳಿದೆ. ನಾನೇ! ಅವನು ‘ಕರೆಕ್ಟ್ ಸಾರ್, ನಿಮ್ಮಂಥೋರಿಗೆ ಗೊತ್ತಾಗುತ್ತೆ’ ಅಂದ. ಏಳು ಸಾವಿರ ಹೇಳಿದ, ಐನೂರು ಇಳಿಸಿ ಗೆದ್ದೆ ಅಂದುಕೊಂಡೆ. ಸ್ಕ್ಯಾನ್ ಮಾಡಿ ದುಡ್ಡು ಕಳಿಸಿ, ಡಬ್ಬ ಮುಂದಿಟ್ಟುಕೊಂಡು ಮನೆಗೆ ಬಂದೆ.

ಎರಡು ದಿನ ಆದಮೇಲೆ ಹಬ್ಬಕ್ಕೆ ಮನೆ ಒರೆಸುತ್ತಿದ್ದ ನನ್ನ ಹೆಂಡತಿ ಕೂಗಿದಳು. ‘ರೀ, ಇದರ ಮೇಲೆ ಟೀ ಚೆಲ್ಲಿದ್ದೀರಾ?’ ಒದ್ದೆ ಬಟ್ಟೆ ತೋರಿಸಿದಳು. ಕಂದು ಕಲೆ. ಸೆಟ್ಟಿನ ಒಂದು ಮೂಲೆ ಹೊಸ ಬಕೆಟ್ಟಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ನಾನೂ ಒರೆಸಿದೆ. ಇನ್ನಷ್ಟು ಬೆಳ್ಳಗಾಯಿತು. ಟೀ ಡಿಕಾಕ್ಷನ್ ಬಳಿದಿದ್ದ. ನಲವತ್ತು ವರ್ಷದ ಹಳದಿ ಒಂದು ಬಟ್ಟೆಗೆ ಬಂತು. ಬಟ್ಟೆ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ.

ಆಮೇಲೆ ಸ್ಕ್ರೂ ಬಿಚ್ಚಿದೆ. ಒಳಗೆ ಅಂಗೈಯಷ್ಟೂ ಇಲ್ಲದ ಒಂದು ಬೋರ್ಡು. ಅದರ ನಡುವೆ ಬಿಂದಿ ಇಟ್ಟ ಹಾಗೆ ಒಂದು ಕಪ್ಪು ಅಂಟಿನ ಉಂಡೆ, ಎಲ್ಲಾ ಚಿಪ್ಪೂ ಅದರೊಳಗೆ. ಮಿಕ್ಕ ಜಾಗ ಖಾಲಿ. ಮುಚ್ಚಳಕ್ಕೆ ಒಂದು ಕಬ್ಬಿಣದ ಪಟ್ಟಿ ಅಂಟಿಸಿದ್ದಾನೆ. ಅದೇ ನಾನು ಹೊಗಳಿದ ತೂಕ.

ಅವನಿಗೆ ಮೆಸೇಜ್ ಹಾಕಿದೆ, ಬಣ್ಣ ಬಿಡ್ತಿದೆ ಅಂತ. ಉತ್ತರ: ‘ಸಾರ್, ಯಾಕೆ ಒರೆಸಿದ್ರಿ? ಆಂಟಿಕ್ ವ್ಯಾಲ್ಯೂ ಹೋಯ್ತಲ್ಲ!’ ಎರಡನೇ ರಿಮೋಟ್‌ನಲ್ಲಿ ಸ್ಟಾರ್ಟ್ ಬಟನ್ ಯಾಕಿದೆ, 1983ರ ಸೆಟ್ಟಲ್ಲಿ ಇರಲ್ವಲ್ಲ ಅಂತ ಕೇಳಿದೆ. (ಇದನ್ನು ಓದಿ ತಿಳಿದುಕೊಂಡಿದ್ದು ದುಡ್ಡು ಕೊಟ್ಟ ಮೇಲೆ.) ‘ಅಣ್ಣ, ಬಟನ್ ಜಾಸ್ತಿ ಇದ್ರೆ ನಿಮಗೇ ಒಳ್ಳೇದಲ್ವಾ?’ ಕಬ್ಬಿಣದ ಪಟ್ಟಿಯ ಫೋಟೋ ಕಳಿಸಿದೆ. ‘ಅದು ಅರ್ಥಿಂಗ್ ಗುರು.’ ಸಾರ್ ಹೋಗಿ ಅಣ್ಣ, ಅಣ್ಣ ಹೋಗಿ ಗುರು. ಒಂದೇ ಸಂಜೆಯಲ್ಲಿ ಇಷ್ಟು ಇಳಿದೆ. ಗನ್ ನಮ್ಮ ಟಿವಿಯಲ್ಲಿ ಕೆಲಸ ಮಾಡ್ತಿಲ್ಲ ಅಂದಿದ್ದಕ್ಕೆ ‘ಗುರಿ ಪ್ರಾಕ್ಟೀಸ್ ಮಾಡಿ’ ಅಂದ. ನಿಜ ಹೇಳಬೇಕಂದ್ರೆ ಒರಿಜಿನಲ್ ಗನ್ನೂ ಈಗಿನ ಎಲ್‌ಇಡಿ ಟಿವಿಯಲ್ಲಿ ನಡೆಯಲ್ಲ. ಟ್ರಿಗರ್ ಒತ್ತಿದಾಗ ಪರದೆ ಕ್ಷಣ ಕಪ್ಪಾಗಿ ಬಾತುಕೋಳಿ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತೆ, ಆ ಬೆಳಕನ್ನು ಗನ್ ಹಿಡೀಬೇಕು. ಹಳೇ ದಪ್ಪ ಟಿವಿಯ ವೇಗಕ್ಕೆ ಮಾತ್ರ ಅದು ಸರಿಹೊಂದುತ್ತೆ. ಅದಕ್ಕೇ ಅವನು ದಪ್ಪ ಟಿವಿ ಇಟ್ಟುಕೊಂಡಿದ್ದಾನೆ. ಆದರೆ ‘ಯಾವ ಟಿವಿಗಾದ್ರೂ ನಡೆಯುತ್ತೆ’ ಅಂದಿದ್ದು ಅವನೇ ತಾನೆ?

ಕೊನೆಗೆ ದುಡ್ಡು ವಾಪಸ್ ಕೊಡು ಅಂದೆ. ಒಂದು ವಾಯ್ಸ್ ಮೆಸೇಜ್ ಬಂತು. ‘ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನೀವು ಚಿಕ್ಕೋರಿದ್ದಾಗ ಆಡಿದ್ದೇನು ಒರಿಜಿನಲ್ಲಾ? ಅದೂ ಡುಪ್ಲಿಕೇಟೇ. ಆಗ ಖುಷಿಯಾಗಿ ಆಡಿದ್ರಲ್ಲ, ಈಗೇನು?’

ಇದನ್ನು ನಾಲ್ಕು ಸಲ ಕೇಳಿದೆ. ಮೈ ಉರಿಯಿತು, ಯಾಕಂದ್ರೆ ಮಾತು ನಿಜ. ಅಪ್ಪ ತಂದಿದ್ದು ಡುಪ್ಲಿಕೇಟೇ. ನಾನು ಒರಿಜಿನಲ್ಲನ್ನು ಜೀವನದಲ್ಲಿ ಮುಟ್ಟಿಯೇ ಇಲ್ಲ, ಅದಕ್ಕೇ ಗುರುತು ಹಿಡಿಯೋಕೆ ಆಗಲಿಲ್ಲ. ಆದರೆ ಅಪ್ಪ ಡುಪ್ಲಿಕೇಟಿಗೆ ಡುಪ್ಲಿಕೇಟಿನ ದುಡ್ಡು ಕೊಟ್ಟಿದ್ದರು ಸ್ವಾಮಿ! ಇದನ್ನೇ ಡುಪ್ಲಿಕೇಟ್ ಅಂತ ಹೇಳಿ ಸಾವಿರ ಕೇಳಿದ್ದರೆ ನಗುತ್ತಾ ಕೊಟ್ಟು ಬರುತ್ತಿದ್ದೆ. ಟೀ ಬಳಿಯೋ ಕೆಲಸ ಯಾಕೆ ಬೇಕಿತ್ತು?

ತಗೊಳ್ಳಲೇಬೇಕು ಅನ್ನೋರು ಮೊದಲು ಎರಡನೇ ರಿಮೋಟಿನ ಫೋಟೋ ಕೇಳಿ. 1983ರ ಸೆಟ್ಟಿನದರಲ್ಲಿ ಸ್ಟಾರ್ಟ್, ಸೆಲೆಕ್ಟ್ ಇರಲ್ಲ, ಆ ಜಾಗದಲ್ಲಿ ಒಂದು ಮೈಕ್ ಇರುತ್ತೆ. ರಿಮೋಟ್ ವೈರು ಸೆಟ್ಟಿನ ಒಳಗಿಂದಲೇ ಬಂದಿರುತ್ತೆ, ಕಿತ್ತು ಹಾಕೋ ಪಿನ್ ಅಲ್ಲ. ಹಳದಿ ಎವಿ ವೈರ್ ಸಿಕ್ಕಿಸೋ ತೂತೂ ಇರಲ್ಲ, ಯಾರಾದರೂ ಆಮೇಲೆ ಒಳಗೆ ಬದಲಾಯಿಸಿದ್ದರೆ ಬೇರೆ ಮಾತು. ಒಂದು ಒದ್ದೆ ಕರ್ಚೀಫ್ ಇಟ್ಟುಕೊಂಡು ಹೋಗಿ. ಗೇಮ್ ಆನ್ ಮಾಡೋಕೆ ಮಾತ್ರ ಬಿಡಬೇಡಿ, ಟ್ಯೂನ್ ಕೇಳಿದರೆ ನೀವೂ ನನ್ನ ಹಾಗೇ.

ನಿನ್ನೆ ರಾತ್ರಿ ಅದೇ ಜಾಹೀರಾತು ಮತ್ತೆ ಬಂದಿದೆ. ಈಗ 7,500. ಕೆಳಗೆ ‘ಖುಷಿಯಾದ ಕಸ್ಟಮರ್’ ಅಂತ ಹೊಸ ಫೋಟೋ. ಮುಖ ಇಲ್ಲ, ಹೂವಿನ ಕೆಂಪು ಬಟ್ಟೆ ಮುಂದೆ ರಿಮೋಟ್ ಹಿಡಿದ ಎರಡು ಕೈ. ಎಡಗೈಯಲ್ಲಿರೋ ವಾಚು ನಂದು.