ಹಂಚಿಕೆಯ ಸ್ಟೋರೇಜ್ ಮೇಲೆ ಡಿಎಂ-ಮಲ್ಟಿಪಾತ್ ಮತ್ತು ಪೇಸ್‌ಮೇಕರ್: ಒಂದು ವಿಮರ್ಶೆ

ಎರಡು ಸರ್ವರ್‌ಗಳು ಒಂದೇ ಸ್ಟೋರೇಜ್ ಅರೇಯನ್ನು ಹಂಚಿಕೊಂಡಿರುವ ಕಡೆ ಲಿನಕ್ಸ್‌ನಲ್ಲಿ ಎರಡು ಹಂತದ ಕಾವಲು ಇರುತ್ತದೆ. ಕೇಬಲ್, ಸ್ವಿಚ್ ಅಥವಾ ಅರೇಯ ಕಂಟ್ರೋಲರ್ ಕೈಕೊಟ್ಟರೆ ಡಿಎಂ-ಮಲ್ಟಿಪಾತ್ ಉಳಿದ ಪಾತ್ (ಸರ್ವರ್‌ನಿಂದ ಡಿಸ್ಕಿಗೆ ಹೋಗುವ ದಾರಿ) ಹಿಡಿಯುತ್ತದೆ. ಸರ್ವರ್ ಇಡಿಯಾಗಿ ಬಿದ್ದರೆ ಪೇಸ್‌ಮೇಕರ್ ಮತ್ತು ಕೊರೋಸಿಂಕ್ ಸೇರಿ ಸೇವೆಯನ್ನು ಇನ್ನೊಂದು ನೋಡ್‌ಗೆ (ಕ್ಲಸ್ಟರ್ ಎಂಬ ಈ ಕೂಟದ ಇನ್ನೊಂದು ಸರ್ವರ್‌ಗೆ) ಒಯ್ಯುತ್ತವೆ. ಬಿಡಿಯಾಗಿ ನೋಡಿದರೆ ಎರಡೂ ಪಳಗಿದ, ನಂಬಬಹುದಾದ ತಂತ್ರಾಂಶಗಳು. ಒಂದರ ಟೈಮ್‌ಔಟ್ (ಕಾಯುವ ಮಿತಿ) ಇನ್ನೊಂದಕ್ಕೆ ಗೊತ್ತಿರುವುದಿಲ್ಲ ಎಂಬುದೇ ಈ ಜೋಡಿಯ ದೊಡ್ಡ ಕೊರತೆ, ಮತ್ತು ಆ ಲೆಕ್ಕವನ್ನು ಹೊಂದಿಸುವ ಹೊಣೆ ಪೂರ್ತಿಯಾಗಿ ಅಡ್ಮಿನ್ ತಲೆಯ ಮೇಲೆ ಬೀಳುತ್ತದೆ.

ಒಂದೇ ಪಾತ್ ಹೋದಾಗ ಡಿಎಂ-ಮಲ್ಟಿಪಾತ್ ನಡೆದುಕೊಳ್ಳುವ ರೀತಿಗೆ ಪೂರ್ಣ ಅಂಕ ಕೊಡಬಹುದು. ಅಲುವಾ (ಯಾವ ಕಂಟ್ರೋಲರ್‌ನ ಪಾತ್ ಉತ್ತಮವೆಂದು ಅರೇ ತಿಳಿಸುವ ವ್ಯವಸ್ಥೆ) ಬೆಂಬಲಿಸುವ ಅರೇಯೊಂದಿಗೆ ‘ಮಲ್ಟಿಪಾತ್ -ಎಲ್‌ಎಲ್’ ಆದೇಶ ಕೊಟ್ಟರೆ ಪಾತ್‌ಗಳು ಎರಡು ಗುಂಪಾಗಿ ಕಾಣುತ್ತವೆ: ಲನ್‌ನ (ಅರೇ ಸರ್ವರ್‌ಗೆ ಕೊಡುವ ಡಿಸ್ಕ್‌ನ) ಒಡೆತನವಿರುವ ಕಂಟ್ರೋಲರ್‌ನ ಗುಂಪಿಗೆ 50ರ ಆದ್ಯತೆ, ಇನ್ನೊಂದಕ್ಕೆ 10. ಕೇಬಲ್ ಕಿತ್ತ ಕೆಲವೇ ಸೆಕೆಂಡುಗಳಲ್ಲಿ ಆ ಸಾಲಿನಲ್ಲಿದ್ದ ‘ಆಕ್ಟಿವ್ ರೆಡಿ’ ಹೋಗಿ ‘ಫೇಲ್ಡ್ ಫಾಲ್ಟಿ’ ಬರುತ್ತದೆ. ಡೇಟಾಬೇಸ್ ಒಂದು ಕ್ಷಣ ತಡವರಿಸಿ ಮುಂದೆ ಸಾಗುತ್ತದೆ. ಐಸ್ಕಸಿ (ನೆಟ್‌ವರ್ಕ್ ಮೂಲಕ ಡಿಸ್ಕ್ ಜೋಡಿಸುವ ವಿಧಾನ) ಬಳಸುವವರು ಮಾತ್ರ ಓಪನ್-ಐಸ್ಕಸಿಯ ರೀಪ್ಲೇಸ್‌ಮೆಂಟ್ ಟೈಮ್‌ಔಟ್ (ಕಡಿದ ಸಂಪರ್ಕ ಮರಳಲೆಂದು ಕಾಯುವ ಮಿತಿ) ನೋಡಿಕೊಳ್ಳಬೇಕು. ಅದರ ಡೀಫಾಲ್ಟ್ 120 ಸೆಕೆಂಡು. ಅದನ್ನು ಇಳಿಸದಿದ್ದರೆ, ಪಕ್ಕದಲ್ಲೇ ಸರಿಯಾದ ಪಾತ್ ಇದ್ದರೂ, ಆಗಲೇ ಹೊರಟಿದ್ದ ಐ/ಓ (ಓದುವ-ಬರೆಯುವ ಕೋರಿಕೆ) ಸತ್ತ ಪಾತ್‌ನಲ್ಲೇ ಎರಡು ನಿಮಿಷ ಸಿಕ್ಕಿಕೊಂಡಿರುತ್ತದೆ. ಇನ್ನೊಂದು ಮಾತು: ಪರದೆಯ ಮೇಲೆ ನಾಲ್ಕು ಪಾತ್ ಕಂಡ ಮಾತ್ರಕ್ಕೆ ನೆಮ್ಮದಿಪಡುವಂತಿಲ್ಲ. ನಾಲ್ಕೂ ಒಂದೇ ಎಚ್‌ಬಿಎ (ಸರ್ವರ್ ಅನ್ನು ಸ್ಟೋರೇಜ್‌ಗೆ ಜೋಡಿಸುವ) ಕಾರ್ಡಿನಿಂದ ಹೊರಟಿರಬಹುದು, ಮತ್ತು ಅದನ್ನು ಈ ತಂತ್ರಾಂಶ ತಾನಾಗಿ ಎಚ್ಚರಿಸುವುದಿಲ್ಲ.

ನಿಜವಾದ ತೊಡಕು ಇರುವುದು ಎಲ್ಲ ಪಾತ್‌ಗಳೂ ಒಟ್ಟಿಗೆ ಹೋದಾಗ. ಆಗ ಏನು ಮಾಡಬೇಕೆಂಬುದನ್ನು ‘ನೋ ಪಾತ್ ರಿಟ್ರೈ’ ಎಂಬ ಆಯ್ಕೆ ತೀರ್ಮಾನಿಸುತ್ತದೆ. ಅದಕ್ಕೆ ‘ಕ್ಯೂ’ ಎಂದು ಕೊಟ್ಟರೆ ಐ/ಓ ಅನಿರ್ದಿಷ್ಟವಾಗಿ ಸರತಿಯಲ್ಲಿ ಕಾಯುತ್ತದೆ, ಅಪ್ಲಿಕೇಶನ್‌ಗೆ ಎರರ್ ಹೋಗುವುದೇ ಇಲ್ಲ. ಒಂಟಿ ಸರ್ವರ್‌ಗೆ ಇದು ವರವೇ ಸರಿ. ಅರೇ ರೀಬೂಟ್ ಆಗಿ ಬಂದರೆ ಏನೂ ಆಗಿಲ್ಲವೆಂಬಂತೆ ಕೆಲಸ ಮುಂದುವರಿಯುತ್ತದೆ. ಕ್ಲಸ್ಟರ್‌ನಲ್ಲಿ ಮಾತ್ರ ಇದೇ ಗುಣ ಮುಳುವಾಗುತ್ತದೆ. ಕೊರೋಸಿಂಕ್‌ನ ಟೋಕನ್ (ನೋಡ್‌ಗಳು ಬದುಕಿವೆಯೆಂದು ತಿಳಿಸುವ ಸಂದೇಶ) ಹರಿಯುವುದು ನೆಟ್‌ವರ್ಕ್ ಮೇಲಾದ್ದರಿಂದ, ಡಿಸ್ಕ್ ಕಳೆದುಕೊಂಡ ನೋಡ್ ಕೂಡ ಜೊತೆಯವನ ಕಣ್ಣಿಗೆ ಆರೋಗ್ಯವಾಗಿಯೇ ಕಾಣುತ್ತದೆ. ಪೇಸ್‌ಮೇಕರ್ ನೋಡಿಕೊಳ್ಳುವ ಫೈಲ್‌ಸಿಸ್ಟಮ್ ರಿಸೋರ್ಸ್‌ನ ಮಾಮೂಲಿ ಮಾನಿಟರ್ (ತಪಾಸಣೆ) ಮೌಂಟ್ ಇದೆಯೇ ಎಂದಷ್ಟೇ ನೋಡುತ್ತದೆ. ಒಂದು ಫೈಲ್ ಬರೆದು ಪರೀಕ್ಷಿಸಬೇಕಾದರೆ ಚೆಕ್ ಲೆವೆಲ್ 20 ಎಂದು ನಾವೇ ಹೇಳಬೇಕು. ಹಾಗಾಗಿ ಬಳಕೆದಾರರು ದೂರುತ್ತಿದ್ದರೂ ಕ್ಲಸ್ಟರ್ ಸ್ಥಿತಿಯಲ್ಲಿ ಎಲ್ಲವೂ ‘ಸ್ಟಾರ್ಟೆಡ್’ ಎಂದೇ ತೋರುತ್ತಿರುತ್ತದೆ, ಒಳಗೆ ಪ್ರೋಸೆಸ್‌ಗಳು ಕಿಲ್ -9ಕ್ಕೂ ಜಗ್ಗದೆ ‘ಡಿ’ ಸ್ಥಿತಿಯಲ್ಲಿ (ಡಿಸ್ಕಿಗಾಗಿ ಕಾಯುತ್ತಾ) ಕೂತಿರುತ್ತವೆ. ಮಾನಿಟರ್ ಸೋತರೂ ಕಥೆ ಮುಗಿಯುವುದಿಲ್ಲ: ನಿಲ್ಲಿಸಲು ಹೋದ ಅನ್‌ಮೌಂಟ್ ಕೂಡ ನೇತುಬೀಳುತ್ತದೆ, ಸ್ಟಾಪ್ ಕಾರ್ಯಕ್ಕೆ ಟೈಮ್‌ಔಟ್ ಆಗುತ್ತದೆ, ಕೊನೆಗೆ ಫೆನ್ಸಿಂಗ್ (ಕೆಟ್ಟ ನೋಡ್ ಅನ್ನು ಬಲವಂತವಾಗಿ ಹೊರಗಿಡುವುದು) ಒಂದೇ ದಾರಿ.

ಆದ್ದರಿಂದ ಕ್ಲಸ್ಟರ್ ನೋಡ್‌ಗಳಲ್ಲಿ ‘ಕ್ಯೂ’ ಬದಲು ಸಂಖ್ಯೆ ಕೊಡುವುದು ಲೇಸು. ಪೋಲಿಂಗ್ (ಪಾತ್‌ಗಳ ಪರೀಕ್ಷೆ) 5 ಸೆಕೆಂಡಿಗೊಮ್ಮೆ ಇದ್ದು ರಿಟ್ರೈ 6 ಇದ್ದರೆ ಸುಮಾರು 30 ಸೆಕೆಂಡು ಕಾದು ಎರರ್ ಹಿಂತಿರುಗುತ್ತದೆ. ಆದರೆ ಪೇಸ್‌ಮೇಕರ್‌ನ ಡೀಫಾಲ್ಟ್ ಟೈಮ್‌ಔಟ್ 20 ಸೆಕೆಂಡು. ಮಲ್ಟಿಪಾತ್ ಇನ್ನೂ ಕಾಯುತ್ತಿರುವಾಗಲೇ ಕ್ಲಸ್ಟರ್ ಸಹನೆ ಕಳೆದುಕೊಳ್ಳಬಾರದೆಂದಿದ್ದರೆ ಮಾನಿಟರ್ ಮತ್ತು ಸ್ಟಾಪ್ ಎರಡರ ಮಿತಿಯನ್ನೂ ಆ 30 ಸೆಕೆಂಡಿಗಿಂತ ಮೇಲಕ್ಕೆ ಏರಿಸಬೇಕು. ಎಸ್‌ಬಿಡಿ (ಹಂಚಿಕೆಯ ಡಿಸ್ಕಿನ ಮೂಲಕ ಸಂದೇಶ ಕೊಟ್ಟು ಫೆನ್ಸ್ ಮಾಡುವ ವ್ಯವಸ್ಥೆ) ಡಿಸ್ಕ್ ಮಲ್ಟಿಪಾತ್ ಮೇಲಿದ್ದರೆ ಲೆಕ್ಕ ಇನ್ನೂ ಬಿಗಿ. ಅದರ ಡೀಫಾಲ್ಟ್ ವಾಚ್‌ಡಾಗ್ (ಸ್ಪಂದಿಸದ ಯಂತ್ರವನ್ನು ರೀಬೂಟ್ ಮಾಡುವ ಗಡಿಯಾರ) ಮಿತಿ 5 ಸೆಕೆಂಡು ಮಾತ್ರ; ಪಾತ್ ಬದಲಾಗಲು ಬೇಕಾಗುವ ಸಮಯಕ್ಕಿಂತ ಅದು ಹೆಚ್ಚಿರಬೇಕು, ಸಂದೇಶ ತಲುಪಲು ಕಾಯುವ ಅವಧಿ ಅದರ ಎರಡರಷ್ಟಿರಬೇಕು. ಈ ಅಂಕಿಗಳೆಲ್ಲ ಬೇರೆ ಬೇರೆ ಕಡತಗಳಲ್ಲಿ ಚದುರಿವೆ.

ಫೇಲ್‌ಬ್ಯಾಕ್ (ಮೊದಲಿನ ಪಾತ್‌ಗಳಿಗೆ ಮರಳುವುದು) ವಿಷಯದಲ್ಲಿ ಮಾತ್ರ ಡಿಎಂ-ಮಲ್ಟಿಪಾತ್ ಕ್ಲಸ್ಟರನ್ನು ನೆನಪಿಟ್ಟುಕೊಂಡಿದೆ. ಒಂದು ನೋಡ್ ಲನ್ ಅನ್ನು ಎರಡನೇ ಕಂಟ್ರೋಲರ್‌ಗೆ ಎಳೆದರೆ ಇನ್ನೊಂದು ನೋಡ್ ಅದನ್ನು ಹಿಂದಕ್ಕೆ ಎಳೆಯುವ ಹಗ್ಗಜಗ್ಗಾಟವನ್ನು ‘ಫಾಲೋಓವರ್’ ಆಯ್ಕೆ ತಡೆಯುತ್ತದೆ. ಕೂಡಲೇ ಮರಳುವ ‘ಇಮ್ಮೀಡಿಯೆಟ್’ಗಿಂತ ಇದು ವಾಸಿ.

ಫೆನ್ಸಿಂಗ್‌ಗೆ ಸ್ಕಸಿ-3 ಪರ್ಸಿಸ್ಟೆಂಟ್ ರಿಸರ್ವೇಶನ್ (ನೋಂದಾಯಿತ ಕೀ ಇದ್ದವರಿಗಷ್ಟೇ ಬರೆಯಲು ಬಿಡುವ ಡಿಸ್ಕ್ ಬೀಗ) ಬಳಸುವುದಾದರೆ ಕೀ ಪ್ರತಿಯೊಂದು ಪಾತ್‌ನಲ್ಲೂ ನೋಂದಣಿಯಾಗಿರಬೇಕು, ಇಲ್ಲವಾದರೆ ಪಾತ್ ಬದಲಾದ ಕೂಡಲೇ ನ್ಯಾಯವಾದ ನೋಡ್‌ಗೇ ಬರೆಯಲು ಅನುಮತಿ ತಪ್ಪುತ್ತದೆ. ಫೆನ್ಸ್-ಎಂಪಾತ್ ಎಂಬ ಫೆನ್ಸಿಂಗ್ ತಂತ್ರಾಂಶ ಇದನ್ನು ನೋಡಿಕೊಳ್ಳುತ್ತದೆ, ಪ್ರತಿ ನೋಡ್‌ಗೂ ಬೇರೆಯೇ ರಿಸರ್ವೇಶನ್ ಕೀ ಕೊಟ್ಟಿದ್ದರೆ. ಆದರೂ ರಿಸರ್ವೇಶನ್ ಬರವಣಿಗೆಯನ್ನಷ್ಟೇ ತಡೆಯುತ್ತದೆ, ಯಂತ್ರ ಎಚ್ಚರವಾಗಿಯೇ ಇರುತ್ತದೆ. ಹಾಗಾಗಿ ವಿದ್ಯುತ್ ಕಡಿಯುವ ಫೆನ್ಸಿಂಗ್ ಮೊದಲ ಸಾಲಿನಲ್ಲಿರಲಿ ಎಂಬುದು ನನ್ನ ಅಭಿಪ್ರಾಯ.

ಇದನ್ನು ಅಳವಡಿಸುವವರು ಒಂದು ಕೇಬಲ್ ಕಿತ್ತು ನೋಡಿ ತೃಪ್ತರಾಗಬಾರದು. ಹಾರ್ಟ್‌ಬೀಟ್ (ಟೋಕನ್ ಹರಿಯುವ) ನೆಟ್‌ವರ್ಕನ್ನು ಹಾಗೆಯೇ ಬಿಟ್ಟು, ಸ್ವಿಚ್‌ನಲ್ಲಿ ಒಂದು ನೋಡ್‌ನ ಎಲ್ಲ ಸ್ಟೋರೇಜ್ ಪೋರ್ಟ್‌ಗಳನ್ನೂ ಒಟ್ಟಿಗೆ ಮುಚ್ಚಬೇಕು. ಹಾಕಿಕೊಂಡ ಲೆಕ್ಕ ಸರಿಯಿದ್ದರೆ ಆ ನೋಡ್ ಫೆನ್ಸ್ ಆಗಿದ್ದು ಖಾತ್ರಿಯಾದ ಮೇಲೆಯೇ ಇನ್ನೊಂದರಲ್ಲಿ ಫೈಲ್‌ಸಿಸ್ಟಮ್ ಮೌಂಟ್ ಆಗುತ್ತದೆ, ಮತ್ತು ಲಾಗ್‌ನಲ್ಲಿ ಈ ಎರಡು ಸಾಲುಗಳು ಅದೇ ಕ್ರಮದಲ್ಲಿ ಸಿಗುತ್ತವೆ.